ಹೊಸಬರಿಗೆ ಮಾರ್ಗದರ್ಶಿ: ನಮ್ಮ ಚಿಕ್ಕ ಲೂಥರನ್ ಸಭೆಯ ವಾರ

ಕೊಡಗಿಗೆ ಹೊಸದಾಗಿ ಬಂದವರು ನಮ್ಮ ಕನ್ನಡ ಸಂಘಕ್ಕೆ ಬಂದು ಸಾಮಾನ್ಯವಾಗಿ ಕೇಳೋದು ಮೂರು ವಿಷಯ. ಬಾಡಿಗೆ ಮನೆ ಎಲ್ಲಿ ಸಿಗುತ್ತದೆ, ಮಕ್ಕಳನ್ನು ಯಾವ ಶಾಲೆಗೆ ಹಾಕೋದು, ಮಳೆಗಾಲದಲ್ಲಿ ಬಟ್ಟೆ ಒಣಗಿಸೋದು ಹೇಗೆ. ಕ್ರೈಸ್ತ ಕುಟುಂಬಗಳಾದರೆ ಇನ್ನೊಂದು ಪ್ರಶ್ನೆಯೂ ಇರುತ್ತದೆ: ಇಲ್ಲಿ ಕನ್ನಡದಲ್ಲಿ ಆರಾಧನೆ ಎಲ್ಲಿ ನಡೆಯುತ್ತದೆ? ಈ ಭಾಗ ಅವರಿಗಾಗಿ. ನಾನು ಸಂಘದಲ್ಲೂ ಇದ್ದೇನೆ, ಸಭೆಯಲ್ಲೂ ಇದ್ದೇನೆ. ಹಾಗಾಗಿ ಬರೆಯೋ ಕೆಲಸ ನನಗೆ ಬಂತು.

ಮೊದಲೇ ಒಂದು ಮಾತು. ಬೆಂಗಳೂರಿನ ದೊಡ್ಡ ಚರ್ಚಿನಲ್ಲಿ ಹಿಂದಿನ ಬೆಂಚಿನಲ್ಲಿ ಕೂತು, ಆಶೀರ್ವಾದ ಮುಗಿದ ತಕ್ಷಣ ಎದ್ದು ಹೋಗಬಹುದು. ವರ್ಷಗಟ್ಟಲೆ ಹಾಗೇ ನಡೆಯುತ್ತದೆ. ನಮ್ಮದು ಮೂವತ್ತು ಮನೆಯೂ ಇಲ್ಲದ ಲೂಥರನ್ ಸಭೆ, ಅಂದರೆ ಜರ್ಮನಿಯ ಧರ್ಮ ಸುಧಾರಕ ಮಾರ್ಟಿನ್ ಲೂಥರ್ ಹಾದಿಯ ಪ್ರೊಟೆಸ್ಟೆಂಟ್ ಸಭೆ. ನೀವು ಬಂದರೂ ಗೊತ್ತಾಗುತ್ತದೆ, ಬರದಿದ್ದರೂ ಗೊತ್ತಾಗುತ್ತದೆ. ಎರಡು ವಾರ ಕಾಣದಿದ್ದರೆ ಯಾರಾದರೂ ಮನೆ ಬಾಗಿಲಿಗೆ ಬಂದು "ಹುಷಾರಿದ್ದೀರಾ?" ಅಂತ ಕೇಳುತ್ತಾರೆ. ಶುರುವಿನಲ್ಲಿ ಇದು ಸ್ವಲ್ಪ ಜಾಸ್ತಿ ಆಯಿತು ಅನ್ನಿಸಬಹುದು. ನನಗೂ ಅನ್ನಿಸಿತ್ತು.

ನಾವು ಬಂದಿದ್ದು ಜೂನ್ ಕೊನೆಯಲ್ಲಿ, ಧೋ ಅಂತ ಮಳೆ ಸುರಿಯುತ್ತಿದ್ದಾಗ. ಮೊದಲ ಭಾನುವಾರ ಗಾಳಿಗೆ ಛತ್ರಿ ಮಗುಚಿ, ಮಕ್ಕಳಿಬ್ಬರೂ ಒದ್ದೆಯಾಗಿ, ತಡವಾಗಿ ಒಳಗೆ ಹೋದೆವು. ಹದಿನೈದು ಜನ ಇದ್ದರೇನೋ. ಆರಾಧನೆ ಮುಗಿದ ಮೇಲೆ ವಯಸ್ಸಾದ ಅಮ್ಮ ಒಬ್ಬರು ಹತ್ತಿರ ಬಂದರು. ನನ್ನ ಹೆಸರು ಕೇಳಲಿಲ್ಲ, ಊರು ಕೇಳಲಿಲ್ಲ. "ಮನೇಲಿ ಒಣಸೌದೆ ಇದೆಯಾ ಮಗಾ?" ಅಂದರು. ಇರಲಿಲ್ಲ. ಸೋಮವಾರ ಮಧ್ಯಾಹ್ನ ಒಂದು ಜೀಪು ಮನೆ ಮುಂದೆ ನಿಂತಿತು. ಟಾರ್ಪಾಲು ಮುಚ್ಚಿದ ಸಿಲ್ವರ್ ಮರದ ಸೌದೆ, ಒಂದು ತುಂಡೂ ನೆನೆದಿರಲಿಲ್ಲ. ಇಲ್ಲಿಯ ಮಳೆಗಾಲದಲ್ಲಿ ಒಣಸೌದೆ ಅಂದರೆ ಏನು ಅಂತ ಒಂದು ವರ್ಷ ಇದ್ದವರಿಗೆ ಗೊತ್ತು. ಆ ಅಮ್ಮ ಈಗ ಇಲ್ಲ. ಹೊಸಬರು ಬಂದಾಗ ಆ ಪ್ರಶ್ನೆ ಕೇಳೋ ಸರದಿ ಈಗ ನಮ್ಮದು.

ಯಾವ ಚರ್ಚ್ ಯಾವುದು

ಹೊಸಬರು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಮಡಿಕೇರಿ ಕೋಟೆಯೊಳಗೆ ಚಂದದ ಹಳೇ ಚರ್ಚ್ ಕಾಣುತ್ತದೆ. ಅದು ಬ್ರಿಟಿಷರ ಕಾಲದ್ದು, ಈಗ ಸರ್ಕಾರಿ ಮ್ಯೂಸಿಯಂ. ಭಾನುವಾರ ಬೆಳಿಗ್ಗೆ ಸತ್ಯವೇದ ಹಿಡಿದು ಅಲ್ಲಿಗೆ ಹೋಗಿ ನಿಂತವರನ್ನು ನಾನು ನೋಡಿದ್ದೇನೆ. ವಿರಾಜಪೇಟೆಯ ಸಂತ ಅನ್ನಮ್ಮನವರ ಚರ್ಚ್ ಕ್ಯಾಥೊಲಿಕರದು. ಟಿಪ್ಪುವಿನ ಕಾಲದಲ್ಲಿ ಇಲ್ಲಿಗೆ ಬಂದ ಕ್ಯಾಥೊಲಿಕರಿಗೆ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಜಾಗ ಕೊಟ್ಟು ನೆಲೆ ಮಾಡಿಕೊಟ್ಟದ್ದರಿಂದ ಅದರ ಕಥೆ ಶುರುವಾಗುತ್ತದೆ.

ಪ್ರೊಟೆಸ್ಟೆಂಟರ ಕಥೆ ಬೇರೆ. ಹರ್ಮನ್ ಮೋಗ್ಲಿಂಗ್ ಹೆಸರು ಕನ್ನಡದವರಿಗೆ ಗೊತ್ತೇ ಇದೆ, 1843ರಲ್ಲಿ 'ಮಂಗಳೂರ ಸಮಾಚಾರ' ತಂದವರು. ಅವರು 1850ರ ದಶಕದಲ್ಲಿ ಕೊಡಗಿಗೆ ಬಂದು ಸಿದ್ದಾಪುರದ ಹತ್ತಿರ ಆನಂದಪುರದಲ್ಲಿ ಒಂದು ಸಭೆ ಕಟ್ಟಿದರು. ಅವರ ಹುಟ್ಟೂರು ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆ, ಲೂಥರನ್ನರ ನಾಡು. ಆದರೆ ಅವರನ್ನು ಕಳಿಸಿದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನಲ್ಲಿ ಲೂಥರನ್ನರೂ ಇದ್ದರು, ಪ್ರೊಟೆಸ್ಟೆಂಟರಲ್ಲೇ ಇನ್ನೊಂದು ಶಾಖೆಯಾದ ರಿಫಾರ್ಮ್ಡ್ ಪಂಗಡದವರೂ ಇದ್ದರು. ಕರ್ನಾಟಕದಲ್ಲಿ ಆ ಮಿಷನ್ ಕಟ್ಟಿದ ಸಭೆಗಳು ಆಮೇಲೆ ಸಿಎಸ್‌ಐ (ದಕ್ಷಿಣ ಭಾರತ ಸಭೆ) ಸೇರಿದವು. ಹಾಗಾಗಿ ನೀವು ಮಂಗಳೂರು, ಉಡುಪಿ, ಧಾರವಾಡದ ಕಡೆಯಿಂದ ಬಂದ ಸಿಎಸ್‌ಐ ಕುಟುಂಬವಾದರೆ ನಮ್ಮ ಆರಾಧನೆಯಲ್ಲಿ ಬಹಳಷ್ಟು ನಿಮಗೆ ಗೊತ್ತಿರುವುದೇ. ಹಾಡುಗಳ ರಾಗ ಕೇಳಿದ ಕೂಡಲೇ "ಇದು ನಮ್ಮಜ್ಜಿ ಹಾಡ್ತಿದ್ದದ್ದು" ಅನ್ನುತ್ತೀರಿ. ಆ ಜರ್ಮನ್ ರಾಗಗಳು ಕನ್ನಡ ಬಾಯಲ್ಲಿ ಎಷ್ಟೋ ತಲೆಮಾರು ಉರುಳಿ ನಮ್ಮವೇ ಆಗಿಬಿಟ್ಟಿವೆ.

ಒಂದು ವಿಷಯ ಮಾತ್ರ ಮೊದಲೇ ತಿಳಿದಿರಲಿ. ಕರ್ತನ ಭೋಜನ (ರೊಟ್ಟಿ, ದ್ರಾಕ್ಷಾರಸದ ಸಂಸ್ಕಾರ) ತೆಗೆದುಕೊಳ್ಳುವ ಮುಂಚೆ ಪಾಸ್ಟರ್ ಅಯ್ಯನವರ ಹತ್ತಿರ ಮಾತಾಡಿ. ಬೇರೆ ಸಭೆಯಿಂದ ಬಂದವರು ಸೀದಾ ಹೋಗಿ ಮೊಣಕಾಲೂರುವುದು ಇಲ್ಲಿ ರೂಢಿಯಲ್ಲ. ಇದರಲ್ಲಿ ಅವಮಾನ ಏನೂ ಇಲ್ಲ. ಶನಿವಾರ ಸಂಜೆ ಹತ್ತು ನಿಮಿಷ ಕೂತು ಮಾತಾಡಿದರೆ ಆಯಿತು.

ಭಾನುವಾರ

ಒಂಬತ್ತಕ್ಕೆ ಮೊದಲ ಗಂಟೆ, ಒಂಬತ್ತೂವರೆಗೆ ಆರಾಧನೆ. ಎಸ್ಟೇಟಿನ ಕೆಲಸಗಾರರ ಲೈನ್ ಮನೆಗಳಿಂದ ನಡೆದು ಬರುವವರಿಗೆ ಆ ಅರ್ಧ ಗಂಟೆ ಬೇಕು. ಚಪ್ಪಲಿ ಬಾಗಿಲ ಹೊರಗೆ ಬಿಡಿ. ಮಳೆಗಾಲದಲ್ಲಿ ಕಾಲಿಗೆ ಇಂಬಳ (ಜಿಗಣೆ) ಹತ್ತಿದೆಯಾ ಅಂತ ಮೆಟ್ಟಿಲ ಮೇಲೇ ನೋಡಿಕೊಳ್ಳಿ. ಅಲ್ಲಿ ಗೋಡೆ ಪಕ್ಕ ಉಪ್ಪಿನ ಡಬ್ಬಿ ಇಟ್ಟಿರುತ್ತೇವೆ.

ಒಳಗೆ ಹೋದರೆ ವೇದಿಕೆಯ ಮೇಲಿನ ಬಟ್ಟೆಯ ಬಣ್ಣ ನೋಡಿ, ಕಾಲ ಯಾವುದು ಅಂತ ಗೊತ್ತಾಗುತ್ತದೆ. ಕ್ರಿಸ್ಮಸ್‌ಗೆ ಮುಂಚಿನ ಆಗಮನ ಕಾಲಕ್ಕೂ ಈಸ್ಟರಿಗೆ ಮುಂಚಿನ ಲೆಂಟ್ ದಿನಗಳಿಗೂ ನೇರಳೆ, ಕ್ರಿಸ್ಮಸ್ಸಿಗೂ ಈಸ್ಟರಿಗೂ ಬಿಳಿ, ಪವಿತ್ರಾತ್ಮ ಇಳಿದು ಬಂದ ನೆನಪಿನ ಪೆಂಟೆಕೋಸ್ಟ್ ಹಬ್ಬಕ್ಕೆ ಕೆಂಪು. ಅದಾಗಿ ಒಂದೆರಡು ವಾರಕ್ಕೆ ಹಸಿರು ಬಟ್ಟೆ ಬಂದರೆ ನವೆಂಬರ್ ಕೊನೆಯವರೆಗೂ ಹೆಚ್ಚುಕಮ್ಮಿ ಅದೇ. ಹೊರಗೆ ಮಳೆ ಹಿಡಿದು ಬೆಟ್ಟ, ಗದ್ದೆ, ಪಾಚಿ ಹತ್ತಿದ ಗೋಡೆ ಎಲ್ಲ ಹಸಿರಾಗುವ ತಿಂಗಳುಗಳೂ ಅವೇ. ಇದು ನನಗೆ ಪ್ರತಿ ವರ್ಷವೂ ಖುಷಿ ಕೊಡುವ ಸಂಗತಿ.

ಆರಾಧನೆ ಶುರುವಾಗೋದು ಪಾಪನಿವೇದನೆಯಿಂದ. ಎಲ್ಲರೂ ಒಟ್ಟಿಗೆ ಹೇಳುತ್ತೇವೆ, ಪಾಸ್ಟರ್ ಕ್ಷಮೆಯ ಮಾತು ಹೇಳುತ್ತಾರೆ. ಆಮೇಲೆ ಹಾಡು, ವಾಚನ, ವಿಶ್ವಾಸ ಪ್ರಮಾಣ, ಪ್ರಸಂಗ, ಕಾಣಿಕೆ, ಪ್ರಾರ್ಥನೆ. ಕೊನೆಗೆ "ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ" ಅನ್ನುವ ಆಶೀರ್ವಾದ. ಹಳೇ ಒಡಂಬಡಿಕೆಯ ಈ ಮಾತುಗಳಿಂದಲೇ ಆರಾಧನೆ ಮುಗಿಸುವ ಪದ್ಧತಿಯನ್ನು ಮಾರ್ಟಿನ್ ಲೂಥರ್ 1526ರ ತಮ್ಮ ಜರ್ಮನ್ ಆರಾಧನಾ ಕ್ರಮದಲ್ಲಿ ಇಟ್ಟರು. ಜನ ತಮ್ಮ ಮನೆಮಾತಿನಲ್ಲಿ ದೇವರ ಮಾತು ಕೇಳಬೇಕು, ಸುಮ್ನೆ ನಿಂತು ನೋಡೋದಲ್ಲ, ಬಾಯಿಬಿಟ್ಟು ಹಾಡಬೇಕು ಅನ್ನೋದು ಅವರ ಹಟವಾಗಿತ್ತು.

ನಮ್ಮ ಸಭೆಯಲ್ಲಿ ಆ ಹಟಕ್ಕೆ ತುಂಬ ಬೆಲೆ ಇದೆ. ನಮ್ಮಲ್ಲಿ ಮನೆಯೊಳಗೆ ತಮಿಳು ಮಾತಾಡುವವರಿದ್ದಾರೆ, ತುಳು, ಮಲಯಾಳ, ಅರೆಭಾಷೆ ಮಾತಾಡುವವರಿದ್ದಾರೆ. ಎಲ್ಲರೂ ಸೇರಿದಾಗ ಕನ್ನಡ. ಓದು ಬಾರದ ಹಿರಿಯರಿಗೂ ಇಡೀ ಆರಾಧನಾ ಕ್ರಮ ಬಾಯಿಪಾಠ. ಕನ್ನಡ ಓದೋಕೆ ತಡವರಿಸುವ ಇಂಗ್ಲಿಷ್ ಶಾಲೆಯ ಮಕ್ಕಳು ಹಾಡಿನ ಪುಸ್ತಕ ಹಿಡಿದು ಅಜ್ಜಿ ಪಕ್ಕ ನಿಲ್ಲುತ್ತಾರೆ. ಅಜ್ಜಿಯ ದನಿ, ಮಗುವಿನ ಬೆರಳು ಸಾಲಿನ ಮೇಲೆ. ನಮ್ಮ ಚಿಕ್ಕವಳು ಒತ್ತಕ್ಷರ ಕಲಿತದ್ದೇ ಹಾಗೆ.

ಪಾಸ್ಟರ್‌ಗೆ ನಮ್ಮದಲ್ಲದೆ ಬೇರೆ ಸಭೆಗಳೂ ಇವೆ. ಎರಡನೇ ಮತ್ತು ನಾಲ್ಕನೇ ಭಾನುವಾರ ಮಾತ್ರ ಬರುತ್ತಾರೆ, ಕರ್ತನ ಭೋಜನ ಆಗಲೇ. ಉಳಿದ ವಾರ ಸಭಾ ಹಿರಿಯರೊಬ್ಬರು ಆರಾಧನೆ ನಡೆಸಿ, ಪಾಸ್ಟರ್ ಬರೆದುಕೊಟ್ಟ ಪ್ರಸಂಗ ಓದುತ್ತಾರೆ. "ಇವತ್ತು ಪಾಸ್ಟರ್ ಇಲ್ಲ" ಅಂತ ದಯವಿಟ್ಟು ಮನೆಯಲ್ಲಿ ಉಳಿಯಬೇಡಿ. ಆ ವಾರಗಳಲ್ಲೇ ಜನ ಹೆಚ್ಚು ಬೇಕು.

ಮುಗಿದ ಮೇಲೆ ಹಿಂದಿನ ಕೋಣೆಯಲ್ಲಿ ಬೆಲ್ಲದ ಕಾಫಿ. ಇದಕ್ಕೆ ಅರ್ಧ ಗಂಟೆ ಇಟ್ಟುಕೊಳ್ಳಿ. ಯಾರ ಮನೆ ಬಾಡಿಗೆಗೆ ಖಾಲಿ ಇದೆ, ಯಾವ ಡಾಕ್ಟರ್ ಒಳ್ಳೆಯವರು, ಯಾವ ಬಸ್ಸು ಈ ವಾರ ಬರುತ್ತಿಲ್ಲ, ಎಲ್ಲ ಗೊತ್ತಾಗೋದು ಅಲ್ಲೇ. ಮಕ್ಕಳಿಗೆ ಅದೇ ಹೊತ್ತಿನಲ್ಲಿ ಭಾನುವಾರ ಶಾಲೆ ನಡೆಯುತ್ತದೆ.

ವಾರದ ಉಳಿದ ದಿನ

ಮಂಗಳವಾರ ಮಧ್ಯಾಹ್ನ ಮೂರಕ್ಕೆ ಸ್ತ್ರೀಯರ ಅನ್ಯೋನ್ಯ ಕೂಟ. ಕೆಲಸಕ್ಕೆ ಹೋಗುವವರು ತಿಂಗಳಿಗೊಮ್ಮೆ ಬಂದರೂ ಸಾಕು. ಬರುವಾಗ ಹಿಡಿ ಅಕ್ಕಿ ತನ್ನಿ. ಇದು ಹೊಸಬರಿಗೆ ವಿವರಿಸಬೇಕಾದ ಸಂಗತಿ. ಪ್ರತಿದಿನ ಅನ್ನಕ್ಕೆ ಇಡುವಾಗ ಅಳೆದ ಅಕ್ಕಿಯಿಂದ ಒಂದು ಹಿಡಿ ತೆಗೆದು ಬೇರೆ ಡಬ್ಬಿಗೆ ಹಾಕುತ್ತೇವೆ. ವಾರದ ಅಕ್ಕಿ ಕೂಟದಲ್ಲಿ ಒಂದು ದೊಡ್ಡ ಪಾತ್ರೆಗೆ ಬೀಳುತ್ತದೆ. ಅದರಲ್ಲಿ ಸೋನಾ ಮಸೂರಿ ಇರುತ್ತದೆ, ರೇಷನ್ ಅಕ್ಕಿ ಇರುತ್ತದೆ, ಕುಚ್ಚಲಕ್ಕಿ ಇರುತ್ತದೆ, ಯಾರದೋ ಗದ್ದೆಯ ಸಣ್ಣಕ್ಕಿಯೂ ಇರುತ್ತದೆ. ಯಾರದು ಯಾವುದು ಅಂತ ಯಾರೂ ನೋಡುವುದಿಲ್ಲ. ಕಾಯಿಲೆ ಬಿದ್ದವರ ಮನೆಗೆ, ಕೆಲಸ ಇಲ್ಲದವರ ಮನೆಗೆ ಅದು ಹೋಗುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಜನ ಮನೆಮಠ ಕಳೆದುಕೊಂಡಾಗ ನಾವು ಮೊದಲು ಕಟ್ಟಿ ಕಳಿಸಿದ್ದು ಈ ಪಾತ್ರೆಯ ಅಕ್ಕಿಯನ್ನೇ.

ಬುಧವಾರ ಸಂಜೆ ಮನೆ ಪ್ರಾರ್ಥನೆ, ವಾರಕ್ಕೊಂದು ಮನೆಯಲ್ಲಿ. ನಿಮ್ಮ ಮನೆ ಸರದಿ ಬಂದಾಗ ದೊಡ್ಡ ತಿಂಡಿ ಮಾಡಬೇಡಿ. ಚಹಾ, ಒಂದು ತಟ್ಟೆ ಬಾಳೆಹಣ್ಣು ಸಾಕು. ಒಬ್ಬರು ಜಾಸ್ತಿ ಮಾಡಿದರೆ ಮುಂದಿನ ಮನೆಯವರಿಗೆ ಹೊರೆಯಾಗುತ್ತದೆ ಅಲ್ವಾ? ಐದಕ್ಕೆ ಶುರು, ಆರಕ್ಕೆ ಮುಗಿಯಲೇಬೇಕು. ಕತ್ತಲಾದ ಮೇಲೆ ತೋಟದ ದಾರಿಗಳಲ್ಲಿ ಆನೆ ಓಡಾಡುತ್ತವೆ. ಇದನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಒಬ್ಬರೇ ನಡೆದು ಹೋಗಬೇಡಿ, ಜೀಪಿನಲ್ಲಿ ಜಾಗ ಇದೆಯಾ ಕೇಳಿ, ಖಂಡಿತ ಇರುತ್ತದೆ.

ಶುಕ್ರವಾರ ಮಡಿಕೇರಿ ಸಂತೆ, ಅವತ್ತು ಯಾವ ಕಾರ್ಯಕ್ರಮವೂ ಇಲ್ಲ.

ಶನಿವಾರ ಚರ್ಚ್ ಗುಡಿಸುವ ಸರದಿ, ಹಾಡಿನ ಅಭ್ಯಾಸ, ಮತ್ತೆ ದೊಡ್ಡ ಮಕ್ಕಳ ದೃಢೀಕರಣ ತರಗತಿ, ಅಂದರೆ ತಮ್ಮ ವಿಶ್ವಾಸವನ್ನು ತಾವೇ ಸಭೆಯ ಮುಂದೆ ಒಪ್ಪಿಕೊಳ್ಳೋಕೆ ಸಿದ್ಧತೆ. ಪಾಠಕ್ಕೆ ಲೂಥರ್ ಅವರ ಚಿಕ್ಕ ಜ್ಞಾನೋಪದೇಶ. 1528ರ ಸುಮಾರಿಗೆ ಅವರು ಸ್ಯಾಕ್ಸನಿಯ ಸಭೆಗಳನ್ನು ಸುತ್ತಿ ನೋಡಿದಾಗ ಹಳ್ಳಿ ಜನಕ್ಕೆ ಹತ್ತು ಆಜ್ಞೆಗಳೂ ಗೊತ್ತಿರಲಿಲ್ಲ. ಆ ನೋವಿನಲ್ಲಿ 1529ರಲ್ಲಿ ಈ ಪುಟ್ಟ ಪುಸ್ತಕ ಬರೆದರು. ಮನೆಯ ಯಜಮಾನ ತನ್ನ ಮನೆಮಂದಿಗೆ ಸರಳವಾಗಿ ಹೇಳಿಕೊಡಲಿ ಅಂತ. ಒಂದೊಂದು ಆಜ್ಞೆ ಆದ ಮೇಲೂ "ಇದರ ಅರ್ಥವೇನು?" ಅನ್ನುವ ಪ್ರಶ್ನೆ ಬರುತ್ತದೆ. ಹಾಗಾಗಿ ತರಗತಿಗೆ ಮಗುವನ್ನು ಕಳಿಸಿ ನಿಶ್ಚಿಂತೆಯಾಗಿರಬೇಡಿ. ರಾತ್ರಿ ಊಟದ ಹೊತ್ತಿಗೆ ಅದೇ ಪ್ರಶ್ನೆಯನ್ನು ನೀವೂ ಕೇಳಬೇಕು. ಕನ್ನಡ ಸರಿಯಾಗಿ ಬಾರದ ಮಕ್ಕಳಿಗೆ ನಮ್ಮ ಸಂಘದವರು ಒಂದು ಗಂಟೆ ಮುಂಚೆ ಅಕ್ಷರ ಹೇಳಿಕೊಡುತ್ತಾರೆ. ಯಾವ ಜಾತಿ ಧರ್ಮದ ಮಕ್ಕಳು ಬಂದರೂ ಸರಿ.

ಹಬ್ಬ ಮತ್ತು ತೋಟ

ಇಲ್ಲಿ ಎಲ್ಲವೂ ಕಾಫಿಯ ಲೆಕ್ಕದಲ್ಲಿ ನಡೆಯುತ್ತದೆ. ನವೆಂಬರ್ ಡಿಸೆಂಬರ್ ಬಂತೆಂದರೆ ಅರೇಬಿಕಾ ಕೊಯ್ಲು, ಹೊಸ ವರ್ಷ ಆದ ಮೇಲೆ ರೊಬಸ್ಟಾ. ಆ ತಿಂಗಳುಗಳಲ್ಲಿ ವಾರದ ದಿನ ಯಾರನ್ನೂ ಯಾವ ಕೂಟಕ್ಕೂ ಕರೆಯುವುದಿಲ್ಲ. ಬೆಳೆ ಹಬ್ಬವನ್ನು ಕೊಯ್ಲು ಮುಗಿದ ಮೇಲೆ, ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಇಟ್ಟುಕೊಳ್ಳುತ್ತೇವೆ. ಕರಿಮೆಣಸು, ಬಾಳೆಗೊನೆ, ಕಿತ್ತಳೆ, ಚಕ್ಕೋತ, ಜೇನು, ನಾಟಿಕೋಳಿ ಎಲ್ಲ ಬರುತ್ತದೆ. ಆರಾಧನೆ ಆದ ಮೇಲೆ ಅಂಗಳದಲ್ಲಿ ಏಲಂ. ಒಂದು ಕುಂಬಳಕಾಯಿಯನ್ನು ಒಬ್ಬರು ಕೂಗಿ ತೆಗೆದುಕೊಂಡು, ದುಡ್ಡು ಕೊಟ್ಟು, ಮತ್ತೆ ಮೇಜಿನ ಮೇಲೆ ಇಡುತ್ತಾರೆ. ಇನ್ನೊಬ್ಬರು ಕೂಗುತ್ತಾರೆ. ಒಂದೇ ಕಾಯಿ ನಾಲ್ಕು ಸಲ ಮಾರಾಟವಾದದ್ದುಂಟು. ಕೊನೆಗೆ ಅದು ಯಾವುದಾದರೂ ಲೈನ್ ಮನೆಯ ಸಾರಿಗೆ ಹೋಗುತ್ತದೆ.

ಈಸ್ಟರ್ ಬೆಳಗಿನ ಆರಾಧನೆ ಸಮಾಧಿ ತೋಟದಲ್ಲಿ, ಸೂರ್ಯ ಹುಟ್ಟುವ ಮುಂಚೆ. ಆ ವರ್ಷ ಹೂಮಳೆ ಹೊತ್ತಿಗೆ ಸರಿಯಾಗಿ ಬಂದಿದ್ದರೆ ಸುತ್ತ ತೋಟವೆಲ್ಲ ಬೆಳ್ಳಗೆ ಅರಳಿ ಮಲ್ಲಿಗೆಯಂಥ ಪರಿಮಳ ಬರುತ್ತಿರುತ್ತದೆ. ಸ್ವೆಟರ್ ಹಾಕಿಕೊಂಡು ಬನ್ನಿ.

ಅಕ್ಟೋಬರ್ 31 ಸುಧಾರಣಾ ದಿನ, 1517ರಲ್ಲಿ ಲೂಥರ್ ವಿಟೆನ್‌ಬರ್ಗ್‌ನಲ್ಲಿ ತಮ್ಮ 95 ವಾದಗಳನ್ನು ಮುಂದಿಟ್ಟ ದಿನ. ಮರುದಿನ ರಾಜ್ಯೋತ್ಸವ, 1956ರಲ್ಲಿ ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ದಿನ. ಒಂದು ಸಂಜೆ ಚರ್ಚಿನಲ್ಲಿ ಹಾಡಿ, ಮರುದಿನ ಬೆಳಿಗ್ಗೆ ಸಂಘದ ಬಾವುಟದ ಕೆಳಗೆ ಅದೇ ಮಕ್ಕಳು ನಾಡಗೀತೆ ಹಾಡುತ್ತಾರೆ. ಹಾರ್ಮೋನಿಯಂ ಕೂಡ ಅದೇ. ಪಕ್ಕದ ಕೊಡವ ಮನೆಗಳಿಂದ ಅವರ ಸುಗ್ಗಿ ಹಬ್ಬ ಪುತ್ತರಿಗೆ ಕರೆ ಬಂದರೆ ಹೋಗಿಬನ್ನಿ. ಅವರು ಕ್ರಿಸ್ಮಸ್‌ಗೆ ನಮ್ಮಲ್ಲಿ ಬರುತ್ತಾರೆ.

ಕಾಗದಪತ್ರ

ನಿಮ್ಮ ಹಳೇ ಸಭೆಯಿಂದ ವರ್ಗಾವಣೆ ಪತ್ರ ತರಲೇಬೇಕು, ಹೊರಡುವ ಮುಂಚೆಯೇ ಕೈಗೆ ತೆಗೆದುಕೊಳ್ಳಿ. ನಮ್ಮದು ಅಂಚೆಯಲ್ಲಿ ಕಳಿಸುತ್ತೇವೆ ಅಂದರು, ಏಳು ತಿಂಗಳಾಯಿತು. ಮಕ್ಕಳ ದೀಕ್ಷಾಸ್ನಾನದ ಸರ್ಟಿಫಿಕೇಟಿಗೆ ಎರಡು ಜೆರಾಕ್ಸ್ ಇರಲಿ. ಪತ್ರ ಕೊಟ್ಟ ಮೇಲೆ ತಿಂಗಳ ಕಾಣಿಕೆಯ ಕವರು ಕೊಡುತ್ತಾರೆ, ನಿಮ್ಮ ಕೈಲಾದಷ್ಟು ಹಾಕಿ. ಹೆಸರು ಪುಸ್ತಕದಲ್ಲಿ ಇದ್ದರೆ ಮದುವೆಗೆ ಮೂರು ಭಾನುವಾರ ಪ್ರಕಟಣೆ ಓದುವುದಕ್ಕೂ, ಸಾವಾದಾಗ ಸಮಾಧಿ ತೋಟದಲ್ಲಿ ಜಾಗಕ್ಕೂ ತೊಂದರೆಯಾಗುವುದಿಲ್ಲ. ಆ ಎರಡನೆಯದನ್ನು ಹೊಸಬರು ಕೇಳೋಕೆ ಹಿಂಜರಿಯುತ್ತಾರೆ. ಹಿಂಜರಿಯಬೇಡಿ. ಸಾವಾದ ಮನೆಗೆ ಮೂರು ದಿನ ಅಡುಗೆ ಸಭೆಯಿಂದಲೇ ಹೋಗುತ್ತದೆ, ಹೆಸರು ಪುಸ್ತಕದಲ್ಲಿ ಇರಲಿ ಇಲ್ಲದಿರಲಿ.

ಕ್ರಿಸ್ಮಸ್ ನಾಟಕದ ಅಭ್ಯಾಸ ನವೆಂಬರ್ ಎರಡನೇ ಶನಿವಾರ ಶುರು. ಈ ವರ್ಷ ಮೂವರು ಮಕ್ಕಳು ಓದೋಕೆ ಮೈಸೂರಿಗೆ ಹೋಗಿದ್ದಾರೆ, ಕುರುಬರ ಪಾತ್ರ ಖಾಲಿ ಇದೆ. ಎಂಟರಿಂದ ಹನ್ನೆರಡು ವಯಸ್ಸಿನ ಮಕ್ಕಳಿದ್ದರೆ ಕಳಿಸಿಕೊಡಿ. ಮಾತು ಕಡಿಮೆ, ಕಲಿಸುತ್ತೇವೆ. ಹೊದೆಯೋಕೆ ಕಂಬಳಿ ಮಾತ್ರ ಮನೆಯಿಂದ ತರಬೇಕು.