ಅಪ್ಪನೂ ವಿಲಿಯಂ, ಮಗನೂ ವಿಲಿಯಂ: ತಾರೀಖಿಲ್ಲದ ದಾನಪತ್ರ ಬಿಡಿಸಿದ್ದು

12ನೇ ಶತಮಾನದ ಇಂಗ್ಲೆಂಡಿನ ಖಾಸಗಿ ದಾನಪತ್ರಗಳಲ್ಲಿ ಸಾಮಾನ್ಯವಾಗಿ ತಾರೀಖೇ ಇರುವುದಿಲ್ಲ. ಅಪ್ಪ ಮಗ ಇಬ್ಬರೂ ವಿಲಿಯಂ ಆಗಿದ್ದರೆ ಜಮೀನು ಕೊಟ್ಟವನು ಯಾರು? ಗಂಟು ಬಿಚ್ಚಿದ್ದು ಸಾಕ್ಷಿಗಳ ಪಟ್ಟಿಯಿಂದ. ಊರಿನವರನ್ನು ಸದ್ಯಕ್ಕೆ ಬದಿಗಿಟ್ಟು ಬಿಷಪ್, ಮಠಾಧಿಪತಿ, ಆರ್ಚ್‌ಡೀಕನ್ (ಬಿಷಪ್‌ನ ಕೈಕೆಳಗಿನ ಚರ್ಚ್ ಅಧಿಕಾರಿ)ಗಳನ್ನು ಹಿಡಿಯಬೇಕು. ಇವರ ಅಧಿಕಾರಾವಧಿಗಳು ಬಹುಮಟ್ಟಿಗೆ ಗೊತ್ತಿವೆ. ಎಲ್ಲರ ಅವಧಿಯೂ ಕೂಡುವ ವರ್ಷಗಳೇ ಪತ್ರದ ಕಾಲ. ಮಠದವರು ಪತ್ರಗಳನ್ನು ನಕಲು ಮಾಡಿಟ್ಟ ಪುಸ್ತಕಗಳಲ್ಲಿ ಸಾಕ್ಷಿಗಳ ಪಟ್ಟಿಯನ್ನು ಹಲವು ಸಲ ಅರ್ಧಕ್ಕೇ ಕತ್ತರಿಸಿರುತ್ತಾರೆ, ಹಾಗಾಗಿ ಮೂಲಪತ್ರ ಉಳಿದಿದೆಯೇ ಎಂದು ಮೊದಲು ನೋಡಿ.

ಪತ್ರದ ಕಾಲ ಅಪ್ಪ ಸತ್ತ ಮೇಲಿನದಾದರೆ ಕೊಟ್ಟವನು ಮಗನೇ. ಅಪ್ಪ ಸತ್ತ ವರ್ಷ ತಿಳಿಯಲು ಪೈಪ್ ರೋಲ್, ಅಂದರೆ ರಾಜನ ಖಜಾನೆಯ ವಾರ್ಷಿಕ ಲೆಕ್ಕದ ಸುರುಳಿ, ಬೇಕು. ರಾಜನಿಂದಲೇ ಜಮೀನು ಪಡೆದ ಮನೆತನವಾದರೆ ಜಮೀನು ತನ್ನ ಕೈಗೆ ಬರಲು ವಾರಸುದಾರ ಕಟ್ಟುವ 'ರಿಲೀಫ್' ಎಂಬ ಹಣ ಅಲ್ಲಿ ದಾಖಲಾಗಿರಬಹುದು. ಬಾಕಿ ಉಳಿದ ಹಣವನ್ನು ವರ್ಷವರ್ಷವೂ ಮತ್ತೆ ಬರೆಯುತ್ತಾರೆ. ಮೊದಲ ನಮೂದನ್ನೇ ತೆಗೆದುಕೊಳ್ಳಬೇಕು. ಲೆಕ್ಕ ಸೆಪ್ಟೆಂಬರ್ 29ಕ್ಕೆ ಮುಗಿಯುವುದರಿಂದ 2ನೇ ಹೆನ್ರಿಯ ಆಳ್ವಿಕೆಯ 12ನೇ ವರ್ಷದ ರೋಲ್ ಎಂದರೆ 1165ರ ಶರತ್ಕಾಲದಿಂದ 1166ರ ಸೆಪ್ಟೆಂಬರ್‌ವರೆಗೆ.