ಅಂಗಳದ ಎಲೆಯನ್ನು ಗೇಟಿನಾಚೆ ಹಾಕಬೇಡಿ

ದೀಪಾವಳಿ ಮುಗಿದು ಪುಣೆಯಲ್ಲಿ ಥಂಡಿ ಶುರುವಾದರೆ ಸಾಕು, ನಮ್ಮ ಕನ್ನಡ ಮಂದಿಯ ವಾಟ್ಸಾಪ್ ಗುಂಪಿನಲ್ಲಿ ಗಾರ್ಡನ್ ವಿಡಿಯೋಗಳು ಬರತೊಡಗುತ್ತವೆ. ಗಿಡಕ್ಕೆ ಗೋಣಿತಟ್ಟು ಸುತ್ತಿ, ಪೈಪಿನ ನೀರು ಖಾಲಿ ಮಾಡಿ, ನೀರು ಹಾಕೋದೇ ನಿಲ್ಲಿಸಿ ಅಂತ. ಹೇಳುವವರು ಕೆನಡಾದವರೋ ಅಮೆರಿಕದ ಉತ್ತರದ ಕಡೆಯವರೋ ಆಗಿರುತ್ತಾರೆ. ಅವರ ಮಟ್ಟಿಗೆ ಅದು ಸರಿ. ಅಲ್ಲಿ ನೆಲವೇ ಹೆಪ್ಪುಗಟ್ಟುತ್ತದೆ. ಪೈಪಿನಲ್ಲಿ ಉಳಿದ ನೀರು ಬರ್ಫವಾಗಿ ಹಿಗ್ಗಿ ಪೈಪನ್ನೇ ಒಡೆಯುತ್ತದೆ. ನಮ್ಮಲ್ಲಿ ಡಿಸೆಂಬರ್, ಜನವರಿಯ ನಸುಕಿನಲ್ಲಿ ಒಮ್ಮೊಮ್ಮೆ 10 ಡಿಗ್ರಿಗಿಂತ ಕೆಳಗೆ ಇಳಿದರೂ ಮಧ್ಯಾಹ್ನ ಚುರುಕು ಬಿಸಿಲು. ದಾಸವಾಳಕ್ಕೆ ಸ್ವೆಟರ್ ಯಾಕೆ ಬೇಕು ಹೇಳಿ?

ಅವರ ಒಂದು ಮಾತು ಮಾತ್ರ ನಮಗೂ ಬೇಕು. ಉದುರಿದ ಎಲೆಯನ್ನು ಹೊರಗೆ ಹಾಕಬೇಡಿ. ಕಾರಣ ಮಾತ್ರ ಬೇರೆ. ಅಲ್ಲಿ ಮಣ್ಣು ಹೆಪ್ಪುಗಟ್ಟುವುದು, ಕರಗುವುದು ಮತ್ತೆ ಮತ್ತೆ ಆದರೆ ನೆಲ ಉಬ್ಬಿ, ಹೊಸದಾಗಿ ನೆಟ್ಟ ಗಿಡವನ್ನು ಬೇರುಸಮೇತ ಮೇಲಕ್ಕೆ ನೂಕುತ್ತದೆ. ಮೇಲೆ ಎಲೆ ಹಾಸಿದ್ದರೆ ಆ ಏರಿಳಿತ ಕಡಿಮೆ. ಮಿನೆಸೋಟಾದಲ್ಲಿರುವ ನನ್ನ ಮಗಳು ಹುಲ್ಲಿನ ಮೇಲೆ ಬಿದ್ದ ಎಲೆಯ ಮೇಲೆ ಹುಲ್ಲು ಕತ್ತರಿಸುವ ಮಷಿನ್ ಓಡಿಸಿ, ಪುಡಿಯನ್ನು ಅಲ್ಲೇ ಬಿಡುತ್ತಾಳೆ. ಒಣಗಿದ ಹೂಗಿಡದ ಕಡ್ಡಿಗಳನ್ನೂ ಚಳಿ ಮುಗಿಯುವವರೆಗೆ ಕೀಳುವುದಿಲ್ಲ. ಪೊಳ್ಳು ಕಡ್ಡಿಯೊಳಗೆ ಕೆಲವು ಜಾತಿಯ ಜೇನ್ನೊಣ ಚಳಿಗಾಲ ಕಳೆಯುತ್ತವೆ. ನಮಗೆ ಇಲ್ಲಿರುವುದು ನೀರಿನ ಚಿಂತೆ. ಪುಣೆಯ ಮಳೆ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಆಮೇಲೆ ನಲ್ಲಿ, ಬೋರು, ಅದೂ ಆಗದಿದ್ದರೆ ಟ್ಯಾಂಕರ್. ಎಲೆ ಹೊದ್ದ ಮಣ್ಣು ಬೇಗ ಒಣಗುವುದಿಲ್ಲ.

ಎಲೆ ಉದುರುವ ಹೊತ್ತೂ ಬೇರೆ. ಅವರಲ್ಲಿ ಮರಗಳು ಚಳಿಗೆ ಮುಂಚೆ ಒಮ್ಮೆಲೇ ಬೋಳಾಗುತ್ತವೆ. ನಮ್ಮ ಅರಳಿ, ಮಳೆಮರ, ಬಾದಾಮಿ ಮರಗಳದ್ದು ಥಂಡಿಯಲ್ಲಿ ಶುರುವಾಗಿ ಬಿಸಿಲು ಏರುವವರೆಗೂ ನಡೆದೇ ಇರುತ್ತದೆ. ಆವಾಗಲೇ ತೋಟದ ಕೆಲಸದ ಮಾಳೀಕಾಕಾ 'ಪಾಲಾಪಾಚೋಳಾ (ಉದುರಿದ ಒಣ ಎಲೆ) ಜಾಸ್ತಿ ಆಯ್ತು' ಅಂತ ಮೂಲೆಯಲ್ಲಿ ಗುಡ್ಡೆ ಹಾಕಿ ಕಡ್ಡಿ ಗೀರುವುದು. ಬಿಡಬೇಡಿ. ಥಂಡಿಯ ಬೆಳಿಗ್ಗೆ ಹೊಗೆ ಮೇಲೇಳದೆ ಕಿಟಕಿಯ ಮಟ್ಟದಲ್ಲೇ ನಿಲ್ಲುತ್ತದೆ, ದಮ್ಮು ಇರುವವರ ಗತಿ ಕೇಳಬೇಡಿ. ಬಯಲಲ್ಲಿ ಕಸ ಸುಟ್ಟರೆ 5,000 ರೂಪಾಯಿ ದಂಡ ಅಂತ ಹಸಿರು ನ್ಯಾಯಮಂಡಳಿ 2016ರಲ್ಲೇ ಹೇಳಿದೆ. ಆದರೆ ಪಾಪ, ಅವರನ್ನು ಗದರಿಸಿ ಉಪಯೋಗ ಇಲ್ಲ. ಎಲೆ ಹಾಕಲು ಒಂದು ಜಾಗ ತೋರಿಸಿದರೆ ತಾವೇ ಹಾಕುತ್ತಾರೆ.

ಆ ಜಾಗ ಮಾಡುವುದು ಸುಲಭ. ಕೋಳಿಗೂಡಿಗೆ ಹಾಕುವ ತಂತಿ ಬಲೆ ತನ್ನಿ. ಮೂರು ಅಡಿ ಅಗಲಕ್ಕೆ ದುಂಡಗೆ ಸುತ್ತಿ ನೆಲದ ಮೇಲೇ ನಿಲ್ಲಿಸಿ. ತಳಕ್ಕೆ ಸಿಮೆಂಟು ಬೇಡ, ಎರೆಹುಳ ಮೇಲೆ ಬರಬೇಕಲ್ಲ. ಮನೆಯ ಗೋಡೆಗೆ ತಾಗಿಸಬೇಡಿ, ಗೆದ್ದಲಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ಮಳೆಮರದ ಸಣ್ಣ ಎಲೆ ಬೇಗ ಕೊಳೆಯುತ್ತದೆ, ಹಾಗೇ ಸುರಿಯಿರಿ. ಬಾದಾಮಿ, ಮಾವು, ಹಲಸಿನ ಎಲೆ ದಪ್ಪ. ಇಡಿಯಾಗಿ ಹಾಕಿದರೆ ಒಂದಕ್ಕೊಂದು ಅಂಟಿಕೊಂಡು ನೀರನ್ನೇ ಒಳಗೆ ಬಿಡುವುದಿಲ್ಲ. ಚೆನ್ನಾಗಿ ಒಣಗಿದ್ದನ್ನು ಗೋಣಿಚೀಲಕ್ಕೆ ತುಂಬಿ ಬಾಯಿ ಕಟ್ಟಿ ತುಳಿಯಿರಿ. ಮೊಮ್ಮಕ್ಕಳಿದ್ದರೆ ಈ ಕೆಲಸ ಅವರಿಗೇ ಬಿಡಿ. ಒಂದೊಂದು ಪದರಕ್ಕೂ ಹುಳಿ ಮಜ್ಜಿಗೆ ಬೆರೆಸಿದ ನೀರೋ ಸಗಣಿ ನೀರೋ ಚಿಮುಕಿಸಿ. ಹದ ನೋಡಲು ಒಂದು ಹಿಡಿ ಎಲೆ ಹಿಂಡಿ. ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು. ಎರಡು ವಾರಕ್ಕೊಮ್ಮೆ ತಿರುವಿ ಹಾಕಿ. ಕೆಲವೇ ದಿನದಲ್ಲಿ ಒಳಗಿನ ಎಲೆಗಳ ಮೇಲೆ ಬಿಳಿ ದಾರದಂಥ ಎಳೆಗಳು ಹಬ್ಬುತ್ತವೆ. ಕೆಟ್ಟುಹೋಯಿತು ಅಂತ ಎಸೆಯಬೇಡಿ, ಎಲೆಯನ್ನು ಮಣ್ಣು ಮಾಡುವುದೇ ಆ ಬೂಷ್ಟು. ನಾಲ್ಕಾರು ತಿಂಗಳಲ್ಲಿ ಕಪ್ಪಗೆ, ಮಳೆ ಬಿದ್ದ ನೆಲದ ವಾಸನೆಯ ಗೊಬ್ಬರ ಸಿಗುತ್ತದೆ.

ಗೊಬ್ಬರ ಆಗುವವರೆಗೂ ಕಾಯಬೇಕಿಲ್ಲ. ಪುಡಿ ಎಲೆಯನ್ನು ಕುಂಡಕ್ಕೂ ಪಾತಿಗೂ ನಾಲ್ಕು ಬೆರಳು ದಪ್ಪ ಹರಡಿ, ಬುಡದ ಸುತ್ತ ಸ್ವಲ್ಪ ಜಾಗ ಬಿಡಿ. ಕಾಂಡಕ್ಕೆ ತಾಗಿದರೆ ತೊಗಟೆ ಕೊಳೆಯುತ್ತದೆ. ಎಲೆ ಇದ್ದರೆ ಸೊಳ್ಳೆ ಜಾಸ್ತಿ ಅನ್ನುವವರು ಕುಂಡದ ಕೆಳಗಿನ ತಟ್ಟೆ ನೋಡಲಿ. ಸೊಳ್ಳೆ ಮೊಟ್ಟೆ ಇಡುವುದು ಅಲ್ಲಿ ನಿಂತ ನೀರಿನಲ್ಲಿ. ಹಾವಿನ ಭಯ ಇದ್ದರೆ ಓಡಾಡುವ ದಾರಿಯನ್ನು ಗುಡಿಸಿ ಇಟ್ಟುಕೊಳ್ಳಿ, ಸಾಕು.

ಥಂಡಿಯಲ್ಲಿ ನೀರು ದಿನಾ ಬೇಡ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಹಾಕಿ, ಅದೂ ಬೆಳಿಗ್ಗೆ. ಸಂಜೆ ಹಾಕಿದರೆ ರಾತ್ರಿಯೆಲ್ಲ ಎಲೆ ಒದ್ದೆಯಿದ್ದು ಎಲೆಚುಕ್ಕೆ ರೋಗ ಕರೆದಂತೆ. ದೇವಕಣಗಿಲೆ ಬೋಳಾಗಿದ್ದರೆ ಸತ್ತಿಲ್ಲ, ಮಲಗಿದೆ. ನೀರು ಕಡಿಮೆ ಮಾಡಿ. ಮಲ್ಲಿಗೆಯನ್ನು ನವೆಂಬರ್ ಕೊನೆಗೆ ಕತ್ತರಿಸಿದರೆ ಬೇಸಿಗೆಗೆ ಮೈತುಂಬ ಮೊಗ್ಗು. ತುಳಸಿಯ ಕದಿರು ಚಿವುಟುತ್ತಿರಿ. ಮೆಂತ್ಯ, ಪಾಲಕ್, ಕೊತ್ತಂಬರಿಗೆ ಇದೇ ಒಳ್ಳೆ ಕಾಲ.

ಲಾನ್ ಬಗ್ಗೆ ನನಗೆ ಒಲವಿಲ್ಲ. ಚಳಿದೇಶದ ಹುಲ್ಲಿನ ಜಾತಿಯೇ ಬೇರೆ, ತಂಪಿನಲ್ಲೇ ಬೆಳೆಯುತ್ತದೆ. ನಮ್ಮದು ಬಿಸಿಲಿನ ಹುಲ್ಲು, ಥಂಡಿಯಲ್ಲಿ ಸೊರಗಿ ಹಳದಿಯಾಗುತ್ತದೆ. ಹಸಿರು ಮಾಡಬೇಕೆಂದು ಯೂರಿಯಾ ಸುರಿಯುವುದು ಸುಮ್ನೆ ದುಡ್ಡು ದಂಡ. ಇಷ್ಟೇ ಇಷ್ಟು ಗರಿಕೆ ಬಿಟ್ಟುಕೊಳ್ಳಿ, ಗಣಪತಿಗೂ ಆಯಿತು.

ಎಲೆ ತೀರಾ ಜಾಸ್ತಿಯಾದರೆ ಪುಣೆಯಲ್ಲೇ ಬ್ರೌನ್ ಲೀಫ್ ಅಂತ ಒಂದು ಗುಂಪಿದೆ. ಎಲೆ ಇರುವವರನ್ನೂ ಬೇಕಾದವರನ್ನೂ ಜೋಡಿಸುತ್ತದೆ. ಟೆರೇಸಿನಲ್ಲಿ ತರಕಾರಿ ಬೆಳೆಯುವವರು ಚೀಲಗಟ್ಟಲೆ ಒಯ್ಯುತ್ತಾರೆ. ಮನೆಯಲ್ಲೇ ಎರೆಗೊಬ್ಬರದ ತೊಟ್ಟಿ ನಡೆಸುವವರು ಪಾಲಿಕೆಯ ಆಸ್ತಿ ತೆರಿಗೆ ರಿಯಾಯಿತಿ ಬಗ್ಗೆ ವಾರ್ಡ್ ಆಫೀಸಿನಲ್ಲಿ ವಿಚಾರಿಸಿ. ತೊಟ್ಟಿ ಮಾತ್ರ ನಿಜವಾಗಿ ನಡೆಯುತ್ತಿರಬೇಕು, ಪಾಲಿಕೆಯವರು ನೋಡಲು ಬರುತ್ತಾರೆ.