ಪೀಣ್ಯದ ಕ್ವಾಲಿಟಿ ರೂಮಿನಿಂದ ಆಟೋಮೋಟಿವ್ ಟೆಸ್ಟಿಂಗ್‌ಗೆ: ಮೂರನೇ ಕೋರ್ಸ್ ಆರಿಸಿದ ಬಗೆ

2023ರ ಯುಗಾದಿ ಊಟದ ಎಲೆ ಮುಂದೆ ಕೂತಾಗ ನಮ್ಮ ಭಾವ ಕೇಳಿಯೇಬಿಟ್ಟರು, "ಎರಡು ಸಲ ದುಡ್ಡು ಕಟ್ಟಿ ಬಂದಾಯ್ತು, ಮೂವತ್ನಾಲ್ಕು ತುಂಬ್ತು. ಇನ್ನೂ ಐಟಿ ಹುಚ್ಚು ಬಿಟ್ಟಿಲ್ವಾ?" ನನ್ನ ಹತ್ತಿರ ಉತ್ತರ ಇರಲಿಲ್ಲ. 2024ರ ಜನವರಿಯಲ್ಲಿ ಆಫರ್ ಲೆಟರ್ ಬಂದಾಗ ಮೊದಲು ತೋರಿಸಿದ್ದು ಅವರಿಗೇ.

ನಾನು ಬಿಇ ಮೆಕ್ಯಾನಿಕಲ್, 2011ರ ಪಾಸ್‌ಔಟ್. ಪೀಣ್ಯದಲ್ಲಿ ಆಟೋ ಕಾಂಪೊನೆಂಟ್ ಮಾಡುವ ಪ್ಲಾಂಟ್‌ನಲ್ಲಿ ಹನ್ನೊಂದು ವರ್ಷ ಕ್ವಾಲಿಟಿ ಕೆಲಸ. ಪಿಪಿಎಪಿ (ಹೊಸ ಬಿಡಿಭಾಗಕ್ಕೆ ಗ್ರಾಹಕರ ಒಪ್ಪಿಗೆ ಪಡೆಯುವ ಕಡತ), ಎಫ್‌ಎಂಇಎ (ಏನೇನು ಕೆಡಬಹುದು ಅಂತ ಮೊದಲೇ ಪಟ್ಟಿ ಮಾಡುವುದು), 8ಡಿ ರಿಪೋರ್ಟ್ (ತೊಂದರೆಯ ಮೂಲ ಹುಡುಕಿ ಸರಿಪಡಿಸಿದ್ದನ್ನು ಎಂಟು ಹೆಜ್ಜೆಯಲ್ಲಿ ಬರೆಯುವ ವರದಿ) ಇವೇ ನನ್ನ ಅನ್ನ. ಬಿಡುವಾಗ ಸಂಬಳ ಕೈಗೆ ಮೂವತ್ತೆಂಟು ಸಾವಿರದ ಆಸುಪಾಸು.

ಮೊದಲ ಕೋರ್ಸ್ ಫುಲ್ ಸ್ಟಾಕ್ ಜಾವಾ. ಸುಮಾರು ಮೂವತ್ತೈದು ಸಾವಿರ. ಪಾಠ ಕೆಟ್ಟದಾಗಿರಲಿಲ್ಲ. ಆದರೆ ಪ್ಲೇಸ್‌ಮೆಂಟ್ ಹಂತಕ್ಕೆ ಬಂದಾಗ ಬಂದ ಡ್ರೈವ್‌ಗಳೆಲ್ಲ ಆ ವರ್ಷ, ಅದರ ಹಿಂದಿನ ವರ್ಷ ಪಾಸಾದವರಿಗೆ ಮಾತ್ರ. ಸೇರುವ ಮೊದಲು ಇದನ್ನು ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೊನೆಗೆ ಕೌನ್ಸೆಲರ್ ಒಂದು ದಾರಿ ತೋರಿಸಿದರು: ಎಲ್ಲಿಂದಲೋ ಮೂರು ವರ್ಷದ ಎಕ್ಸ್‌ಪೀರಿಯೆನ್ಸ್ ಲೆಟರ್ ಮಾಡಿಸಿಕೊಡುವುದು. ಪ್ಲಾಂಟ್‌ನಲ್ಲಿ ಪಿಎಫ್ ಕಟ್ಟಿಸಿಕೊಂಡವನ ಯುಎಎನ್ (ಕೆಲಸ ಬದಲಿಸಿದರೂ ಬದಲಾಗದ ಪಿಎಫ್ ನಂಬರ್) ತೆಗೆದರೆ ಯಾವ ತಿಂಗಳು ಎಲ್ಲಿದ್ದ ಅನ್ನುವುದೆಲ್ಲ ಕಾಣುತ್ತದೆ. ಸುಳ್ಳು ಹೇಳಿ ಸೇರಿದವನು ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಮುಗಿಯುವವರೆಗೆ ನಿದ್ದೆ ಮಾಡುವ ಹಾಗಿಲ್ಲ. ಎದ್ದು ಬಂದೆ.

ಎರಡನೆಯದು ಡೇಟಾ ಸೈನ್ಸ್. ಇದು ನಿಜವಾಗಿ ಸುಟ್ಟಿತು. ಫೀಸು, ಹದಿನೆಂಟು ಪರ್ಸೆಂಟ್ ಜಿಎಸ್‌ಟಿ ಎಲ್ಲ ಸೇರಿ ಒಂದು ಲಕ್ಷ ನಲವತ್ತು ಸಾವಿರ ಹತ್ತಿರ. "ಬರೀ ಕಂತು ಸಾರ್, ತಿಂಗಳಿಗೆ ಹನ್ನೆರಡು ಸಾವಿರ" ಅಂತ ಮೊಬೈಲ್‌ನಲ್ಲಿ ಒಟಿಪಿ ಹಾಕಿಸಿಕೊಂಡರು. ಅದು ಕಂತಲ್ಲ, ನನ್ನ ಹೆಸರಿನಲ್ಲಿ ಎತ್ತಿದ ಸಾಲ. ಮೂರನೇ ತಿಂಗಳಿಗೆ ಟ್ರೈನರ್ ಬಿಟ್ಟುಹೋದರು, ರೆಕಾರ್ಡೆಡ್ ವಿಡಿಯೋ ನೋಡಿ ಅಂದರು. ನಾನು ಕ್ಲಾಸ್ ಬಿಟ್ಟೆ, ಇಎಂಐ ನನ್ನನ್ನು ಬಿಡಲಿಲ್ಲ. ಸಂಸ್ಥೆಗೆ ದುಡ್ಡು ಮೊದಲ ದಿನವೇ ಸೇರಿಹೋಗಿತ್ತು, ನಾನು ತೀರಿಸಬೇಕಾಗಿದ್ದು ಫೈನಾನ್ಸ್ ಕಂಪನಿಗೆ. ಮಗಳ ಸ್ಕೂಲ್ ಫೀಸಿಗೆ ಹೆಂಡತಿಯ ಬಳೆ ಅಡ ಇಟ್ಟಿದ್ದು ಆ ವರ್ಷವೇ. ಹಾಗಾಗಿ ಸಾಲದ ಕಾಗದಕ್ಕೆ ಸಹಿ ಕೇಳುವ ಕಡೆ ನಾನು ಈಗ ಕುರ್ಚಿಯಲ್ಲೂ ಕೂರುವುದಿಲ್ಲ.

ಯುಗಾದಿ ಆದಮೇಲೆ ಇಡೀ ಕೆಲಸವನ್ನು ತಿರುಗಿಸಿ ಹಾಕಿದೆ. ಕೋರ್ಸ್ ಹುಡುಕುವುದನ್ನು ನಿಲ್ಲಿಸಿ ಜಾಬ್ ಪೋಸ್ಟಿಂಗ್ ಎಣಿಸತೊಡಗಿದೆ. ಮೂರು ಭಾನುವಾರ, ಒಂದು ಎಕ್ಸೆಲ್ ಶೀಟ್, ಬೆಂಗಳೂರಿನ ಇನ್ನೂರಿಪ್ಪತ್ತು ಪೋಸ್ಟಿಂಗ್ ಇರಬಹುದು. ಒಂದೇ ಮೊಬೈಲ್ ನಂಬರ್ ಬೇರೆ ಬೇರೆ ಕಂಪನಿ ಹೆಸರಲ್ಲಿ ಬಂದವನ್ನು ಹೊಡೆದುಹಾಕಿದೆ. ಅವು ಬಹುಪಾಲು ಕೋರ್ಸಿಗೆ ಎಳೆಯುವ ಬಲೆ. ನೂರನಲವತ್ತರಷ್ಟು ಉಳಿದವು. ಪ್ರತಿಯೊಂದರಲ್ಲೂ ಒಂದೇ ಪ್ರಶ್ನೆ: ಇದರಲ್ಲಿ ನನ್ನ ಹನ್ನೊಂದು ವರ್ಷಕ್ಕೆ ಬೆಲೆ ಎಲ್ಲಿದೆ? ಜಾವಾ ಸಾಲಿನಲ್ಲಿ ಸೊನ್ನೆ. ಡೇಟಾ ಸಾಲಿನಲ್ಲಿ ಸೊನ್ನೆಗೆ ಹತ್ತಿರ. ಆಟೋಮೋಟಿವ್ ಎಂಬೆಡೆಡ್ ಟೆಸ್ಟಿಂಗ್, ಅಂದರೆ ಗಾಡಿಯೊಳಗಿನ ಎಲೆಕ್ಟ್ರಾನಿಕ್ಸ್ ಮತ್ತು ಅದರ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸ, ಮೂವತ್ತು ಚಿಲ್ಲರೆ ಇದ್ದವು. ಅರ್ಧಕ್ಕಿಂತ ಹೆಚ್ಚಿನವು ಎಫ್‌ಎಂಇಎ, ವಿ-ಮಾಡೆಲ್ (ವಿನ್ಯಾಸದ ಪ್ರತಿ ಹಂತಕ್ಕೂ ಒಂದು ಪರೀಕ್ಷೆ ಜೋಡಿಸುವ ಕ್ರಮ), ಡೊಮೇನ್ ನಾಲೆಡ್ಜ್ ಕೇಳುತ್ತಿದ್ದವು. ಗಾಡಿಯ ಎಲೆಕ್ಟ್ರಾನಿಕ್ಸ್ ಸುರಕ್ಷತೆಯ ಮಾನದಂಡ ಐಎಸ್‌ಒ 26262 ನನಗೆ ಹೊಸದು. ಆದರೆ "ಇದು ಕೆಟ್ಟರೆ ಏನಾಗುತ್ತದೆ" ಅಂತ ಯೋಚಿಸುವುದು ನನಗೆ ಹೊಸದಲ್ಲ. ಪ್ಲಾಂಟ್‌ನ ಗೆಳೆಯರು, "ಕೋಡಿಂಗ್ ಬರದವನಿಗೆ ಯಾರು ಕೊಡ್ತಾರೆ" ಅಂದರು. ಕೊಟ್ಟರು.

ಆಮೇಲೆ ಸಂಸ್ಥೆ ಆರಿಸಿದ್ದು. ಐದು ಕಡೆ ಹೋದೆ, ಡೆಮೋ ಕ್ಲಾಸ್ ಎಲ್ಲೂ ಕೇಳಲಿಲ್ಲ. ಡೆಮೋ ದಿನ ಎಲ್ಲರೂ ಚೆನ್ನಾಗೇ ಪಾಠ ಮಾಡುತ್ತಾರೆ. ಓಡುತ್ತಿರುವ ಬ್ಯಾಚಿನ ಆರನೇ ವಾರದ ಕ್ಲಾಸಲ್ಲಿ ಒಂದು ಗಂಟೆ ಕೂರುತ್ತೇನೆ ಅಂದೆ. ಮೂರು ಕಡೆ ಅಲ್ಲೇ ಬಾಗಿಲು ಹಾಕಿದರು. ಉಳಿದ ಎರಡು ಕಡೆ ಕೂತು ಬೋರ್ಡ್ ನೋಡಲಿಲ್ಲ, ಟೇಬಲ್ ನೋಡಿದೆ: ಎಷ್ಟು ಜನಕ್ಕೆ ಒಂದು ಕಿಟ್? ಗಾಡಿಯೊಳಗಿನ ನೆಟ್‌ವರ್ಕ್ ಪರೀಕ್ಷಿಸುವ ಕ್ಯಾನೋ (CANoe) ಸಾಫ್ಟ್‌ವೇರ್ ಡೆಮೋ ವರ್ಷನ್ನಾ, ಲೈಸೆನ್ಸ್ ಇರುವ ಹಾರ್ಡ್‌ವೇರಾ? ಒಂದು ಕಡೆ ಇಪ್ಪತ್ತೈದು ಜನಕ್ಕೆ ಒಂದು ಪ್ರೊಜೆಕ್ಟರ್. ಇನ್ನೊಂದು ಕಡೆ ಮೂವರಿಗೆ ಒಂದು ಟೆಸ್ಟ್ ಬೆಂಚ್ (ಕಿಟ್ ಜೋಡಿಸಿಟ್ಟ ಮೇಜು), ಟ್ರೈನರ್ ವಾರದ ದಿನಗಳಲ್ಲಿ ಕಂಪನಿಯಲ್ಲೇ ಕೆಲಸ ಮಾಡುವವರು. ಅಲ್ಲಿ ಸೇರಿದೆ. ನಲವತ್ತೈದು ಸಾವಿರ, ಮೂರು ಸಲಕ್ಕೆ ಕೊಡುತ್ತೇನೆ, ಕೊನೆಯದು ಲ್ಯಾಬ್ ಮುಗಿದ ಮೇಲೆ ಅಂತ ಬರೆಸಿಕೊಂಡೆ. ಹಳೇ ಬ್ಯಾಚಿನವರನ್ನೂ ಏಳೆಂಟು ಜನ ಹಿಡಿದು ಮಾತಾಡಿಸಿದ್ದೆ. ಸಂಸ್ಥೆಯ ನೆರವಿಲ್ಲದೆ ಅವರನ್ನು ಹೇಗೆ ಹುಡುಕಿದೆ ಅನ್ನುವುದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಎಲ್ಲರಿಗೂ ಗೊತ್ತಾದರೆ ಆ ದಾರಿಯೂ ಮುಚ್ಚುತ್ತದೆ.

ಕೋರ್ಸಿಗಿಂತ ಹೆಚ್ಚು ಕಲಿಸಿದ್ದು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಎಸ್‌ಪಿ ರೋಡು. ಎರಡು ಆರ್ಡುಯಿನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡ್), ಎರಡು ಎಂಸಿಪಿ2515 ಕ್ಯಾನ್ ಮಾಡ್ಯೂಲ್ ತಂದೆ (ಕ್ಯಾನ್ ಅಂದರೆ ಗಾಡಿಯೊಳಗಿನ ಪುಟ್ಟ ಕಂಪ್ಯೂಟರ್‌ಗಳು ಮಾತಾಡಿಕೊಳ್ಳುವ ಜಾಲ), ಒಟ್ಟು ಎರಡು ಸಾವಿರ ಆಗಿರಲಿಕ್ಕಿಲ್ಲ. ಒಂದರಿಂದ ಕಳಿಸಿದ ಫ್ರೇಮ್ (ಕ್ಯಾನ್‌ನ ಒಂದು ಸಂದೇಶ) ಇನ್ನೊಂದಕ್ಕೆ ಹೋಗಲೇ ಇಲ್ಲ. ಒಂಬತ್ತು ರಾತ್ರಿ, ಸೆಕೆಂಡ್ ಶಿಫ್ಟ್ ಮುಗಿಸಿ ಬಂದು ಕೂತದ್ದು. ವೈರ್ ಬದಲಿಸಿದೆ, ಮಾಡ್ಯೂಲ್ ಬದಲಿಸಿದೆ. ಟರ್ಮಿನೇಶನ್ (ಜಾಲದ ಎರಡು ತುದಿಯಲ್ಲಿರಬೇಕಾದ ರೆಸಿಸ್ಟರ್) ಮೇಲೆ ಅನುಮಾನ ಬಂದು ಎರಡೂ ತುದಿಗೆ ಜಂಪರ್ ಹಾಕಿ ಅಳೆದೆ, ಮೀಟರ್ ಅರವತ್ತು ಓಮ್ ತೋರಿಸಿತು, ಅದೂ ಸರಿಯಿತ್ತು. ಕೊನೆಗೆ ಮಾಡ್ಯೂಲ್ ಮೇಲಿನ ಬೆಳ್ಳಿ ಡಬ್ಬಿಯಂಥ ಕ್ರಿಸ್ಟಲ್ (ಚಿಪ್‌ನ ವೇಗ ನಿರ್ಧರಿಸುವ ಗಡಿಯಾರ) ಮೇಲಿನ ಬರಹ ಓದಿದೆ: 8 ಮೆಗಾಹರ್ಟ್ಸ್. ನಾನು ನಕಲಿಸಿಕೊಂಡ ಕೋಡಿನಲ್ಲಿ 16 ಅಂತಿತ್ತು. ಆ ಒಂದು ಪದ ತಿದ್ದಿದೆ, ಫ್ರೇಮ್ ಹರಿಯಿತು. ರಾತ್ರಿ ಎರಡು ಗಂಟೆಗೆ ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಇಂಟರ್‌ವ್ಯೂನಲ್ಲಿ ಈ ಒಂಬತ್ತು ರಾತ್ರಿಯನ್ನು 8ಡಿ ರಿಪೋರ್ಟ್ ಮಾಡಿ ಒಂದು ಹಾಳೆಯಲ್ಲಿ ಕೊಟ್ಟೆ: ಲಕ್ಷಣ, ತಾತ್ಕಾಲಿಕ ಕ್ರಮ, ಮೂಲಕಾರಣ, ಮತ್ತೆ ಆಗದಂತೆ ಏನು ಮಾಡಿದೆ. ಎದುರಿಗಿದ್ದ ಇಬ್ಬರು ಇಪ್ಪತ್ತು ನಿಮಿಷ ಅದನ್ನೇ ಕೆದಕಿದರು. ಸರ್ಟಿಫಿಕೇಟ್ ಯಾರೂ ಕೇಳಲಿಲ್ಲ. ಇಂಟರ್‌ವ್ಯೂ ಕೊನೆಯಲ್ಲಿ ನಾನು ಅವರಿಗೆ ಕೇಳುವ ಒಂದು ಪ್ರಶ್ನೆ ಇದೆ, ಅದು ಸದ್ಯ ನನ್ನ ಹತ್ತಿರವೇ ಇರಲಿ. ನಮ್ಮ ಪ್ಲಾಂಟ್‌ನ ಇನ್ನಿಬ್ಬರು ತಯಾರಾಗುತ್ತಿದ್ದಾರೆ.

ಮೊದಲ ಸಂಬಳ ಹಳೆಯದಕ್ಕಿಂತ ನಾಲ್ಕು ಸಾವಿರ ಕಡಿಮೆಯೇ ಇತ್ತು. ಎಂಟು ತಿಂಗಳು ಬಿಗಿಯಾಗಿತ್ತು, ಅದಕ್ಕೆ ಮೊದಲೇ ಆರ್‌ಡಿ ಮುರಿದು ಇಟ್ಟುಕೊಂಡಿದ್ದೆ. ಒಂದೂವರೆ ವರ್ಷದಲ್ಲಿ ಅದು ದಾಟಿ ಈಗ ಹಳೆಯದರ ಒಂದೂಮುಕ್ಕಾಲು ಪಟ್ಟು ಇರಬಹುದು. ಬಳೆ ಬಿಡಿಸಿಯಾಯಿತು. ಭಾವ ಕಳೆದ ತಿಂಗಳು ಫೋನ್ ಮಾಡಿ ಅವರ ತಮ್ಮನ ಮಗನಿಗೆ ಯಾವ ಕೋರ್ಸ್ ಒಳ್ಳೆಯದು ಅಂತ ಕೇಳಿದರು. ಅವನನ್ನು ಭಾನುವಾರ ಮನೆಗೆ ಕರೆದಿದ್ದೇನೆ, ಲ್ಯಾಪ್‌ಟಾಪ್ ತರಲಿಕ್ಕೆ ಹೇಳಿದ್ದೇನೆ. ಹಳೇ ಎಕ್ಸೆಲ್ ಶೀಟಿನಲ್ಲಿ ಅವನ ಹೆಸರಿನ ಒಂದು ಟ್ಯಾಬ್ ತೆರೆದಿಟ್ಟಿದ್ದೇನೆ, ಇನ್ನೂ ಖಾಲಿ ಇದೆ.